ಕರ್ತೃ ಬಿಟ್ಟುಹೋಗಿದೆ

ಅತಕಾಮಾದಲ್ಲಿ ಮಳೆಯ ಬಗ್ಗೆ ಯಾರೂ ಪ್ರಬಂಧ ಬರೆಯುವುದಿಲ್ಲ.
ನಮಗೆ ಗೊತ್ತಿದ್ದದ್ದು ಧೂಳು,
ತಾಮ್ರದ ಗಣಿಯ ಸೈರನ್ನು, ಮಧ್ಯಾಹ್ನ ಮೂರಕ್ಕೆ ಸಿಡಿಮದ್ದು;
ಕಿಟಕಿ ನಡುಗುವಾಗ ಪೆನ್ನು ಎತ್ತಿ ಹಿಡಿಯುತ್ತಿದ್ದೆವು
ಅಕ್ಷರ ಸೊಟ್ಟಗಾಗದಿರಲೆಂದು.

ಹನ್ನೊಂದನೇ ನಂಬರಿನ ಸರ್ಕಾರಿ ಶಾಲೆ.
ತಗಡಿನ ಮಾಡು, ನಲವತ್ಮೂರು ಮಕ್ಕಳು,
ಮತ್ತು ಇಸ್ಮೇನಿಯಾ ಚೋಕೆ ಟೀಚರು,
ಒಂದು ಕಿವಿ ಮಂದ, ಹಾಗಾಗಿ ಎಲ್ಲವನ್ನೂ ಎರಡು ಸಲ ಕೇಳುವವರು.

ವರ್ಷದ ಮೊದಲ ದಿನ ಯೆರ್ಕೋ ಸೀಮೆಸುಣ್ಣದ ಡಬ್ಬಿ ಬೀಳಿಸಿ
"ಬಿತ್ತು, ಟೀಚರ್" ಅಂದ.
ನಮ್ಮ ಮಾತಿನಲ್ಲಿ ವಸ್ತುಗಳು ತಮ್ಮಷ್ಟಕ್ಕೆ ತಾವೇ ಬೀಳುತ್ತವೆ,
ಲೋಟ ಒಡೆಯುತ್ತದೆ, ದುಡ್ಡು ಕಳೆಯುತ್ತದೆ, ಹೊತ್ತು ಮೀರುತ್ತದೆ,
ಒಂದು ಪುಟ್ಟ ಪದ ಸೇರಿಸಿದರೆ ಸಾಕು, ಊರಿಗೆ ಊರೇ ನಿರಪರಾಧಿ.
ಅವರು ಹಲಗೆಯ ಮೇಲೆ ಬರೆದರು: ಡಬ್ಬಿ ಬಿತ್ತು.
ಅದರ ಕೆಳಗೆ: ಕರ್ತೃ ಯಾರು?
ಯೆರ್ಕೋನ ಕಿವಿ ಕೆಂಪಾಗುವವರೆಗೂ ಕಾದರು.

ಇಡೀ ವರ್ಷ ಅದೇ ಪಾಠ, ಬೇರೆ ಬೇರೆ ಹೆಸರಲ್ಲಿ.
ಚರಿತ್ರೆಯ ಗಂಟೆ: "ಪೆಟ್ಲುಪ್ಪಿನ ಊರುಗಳು ಖಾಲಿಯಾದವು."
ಯಾರು ಖಾಲಿ ಮಾಡಿದ್ದು?
ಕವಿತೆಯ ಗಂಟೆ: ಇಲ್ಲಿ ಅಳುತ್ತಿರುವುದು ಗಾಳಿಯೋ, ಬರೆದವಳೋ?
ಸುಳ್ಳೇಕೆ ಹೇಳಲಿ, ಬೇಸರ ಬರುತ್ತಿತ್ತು.
ನಾನು ಡೆಸ್ಕಿನ ಕೆಳಗೆ ಉಗುರಿಗೆ ಬಣ್ಣ ಹಚ್ಚುತ್ತಿದ್ದೆ.

ಆಗಸ್ಟಿನಲ್ಲಿ ಅಪ್ಪನ ಬಲಗೈ
ಅದಿರು ಸಾಗಿಸುವ ಪಟ್ಟಿಯ ಉರುಳೆಗೆ ಸಿಕ್ಕಿತು.
ಸಿಕ್ಕಿತು. ನೋಡಿ, ನಾನೂ ಹಾಗೇ ಹೇಳುತ್ತೇನೆ.
ಕಂಪನಿಯ ವರದಿ ಒಂದೇ ಹಾಳೆ:
ಪಟ್ಟಿ ಜಾರಿತು. ಕವಚ ತೆಗೆಯಲಾಗಿತ್ತು. ಕೈ ಹೋಯಿತು.
ಅಮ್ಮನಿಗೆ ಓದು ಬಾರದು. ನಾನು ಗಟ್ಟಿಯಾಗಿ ಓದಿದೆ,
ಎರಡನೆಯ ವಾಕ್ಯಕ್ಕೆ ಬಂದು ನಾಲಿಗೆ ನಿಂತಿತು.
ಯಾರೋ ಕೇಳಿದಂತಾಯಿತು, ಎರಡನೇ ಸಲ.

ಅಮ್ಮ ಎರಡು ಬಸ್ಸು ಬದಲಿಸಿ ಕಂಪನಿಯ ಕಿಟಕಿಗೆ ಹೋದಳು,
ನಾನು ಪೆನ್ಸಿಲಿನಿಂದ ಸುತ್ತಿದ ಪದದ ಮೇಲೆ ಬೆರಳಿಟ್ಟು
"ತೆಗೆದದ್ದು ಯಾರು?" ಎಂದು ಕೇಳಿದಳು.
ಮಂಗಳವಾರ ಕೇಳಿದಳು. ಮುಂದಿನ ಮಂಗಳವಾರವೂ ಕೇಳಿದಳು.
ಹಣ ಬಂದದ್ದು ಅಷ್ಟಕ್ಕಷ್ಟೇ. ಕೈ ಬರಲಿಲ್ಲ.
ಆದರೆ ಒಂಬತ್ತನೇ ಮಂಗಳವಾರ ಬೇರೆ ಹಾಳೆ ಕೊಟ್ಟರು,
ಅದರಲ್ಲಿ ಒಬ್ಬ ಮನುಷ್ಯನ ಹೆಸರಿತ್ತು.
ಅಪ್ಪ ಅದನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.
"ಹಣೆಬರಹ ಅಂದುಕೊಂಡಿದ್ದೆ" ಅಂದ,
"ಬರೀ ಬರಹ."

ಈಗ ನಾನು ಪುರಸಭೆಯ ಶಿಕ್ಷಣ ಕಚೇರಿಯಲ್ಲಿ ಟೈಪಿಸ್ಟು.
ಇವತ್ತು ಬೆಳಿಗ್ಗೆ ಮೇಜಿಗೆ ಬಂದ ಕರಡು:
"ಬರುವ ಮಾರ್ಚಿನಿಂದ ಚರಿತ್ರೆ, ಸಾಹಿತ್ಯ, ತತ್ತ್ವಶಾಸ್ತ್ರದ ಗಂಟೆಗಳನ್ನು ಕಡಿತಗೊಳಿಸಲಾಗಿದೆ.
ಉದ್ಯೋಗಕ್ಕೆ ಬೇಕಾದ ಕೌಶಲಗಳಿಗೆ ಆದ್ಯತೆ ನೀಡಲಾಗಿದೆ."
ಕೌಶಲ ಬೇಡವೆನ್ನಲು ನಾನ್ಯಾರು,
ನನ್ನ ಮನೆಯ ಗೇಟು ನಿಂತಿರುವುದೇ ಯೆರ್ಕೋನ ಬೆಸುಗೆಯಿಂದ.
ಆದರೆ ಬಿಲ್ಲು ಬರೆಯುವಾಗ ಅವನು "ಗೇಟು ಕೂತಿತು" ಎನ್ನುವುದಿಲ್ಲ,
"ನಾನು ಕೂರಿಸಿದೆ" ಎಂದು ಬರೆದು ರುಜು ಹಾಕುತ್ತಾನೆ.

ನಾನು ಅಲ್ಪವಿರಾಮ ಸರಿಮಾಡಿ ಮುಂದಕ್ಕೆ ಕಳಿಸುವವಳು.
ಎರಡು ಮಕ್ಕಳು, ಗುತ್ತಿಗೆಯ ಕೆಲಸ, ಡಿಸೆಂಬರಿಗೆ ನವೀಕರಣ.
ಚಹಾ ಆರಿತು.
ಮೂರಕ್ಕೆ ಸಿಡಿಮದ್ದು; ಅಭ್ಯಾಸಬಲ, ಕೀಲಿಗಳ ಮೇಲಿಂದ ಬೆರಳೆತ್ತಿದೆ.
ಕಿಟಕಿ ಸುಮ್ಮನಾದ ಮೇಲೆ ಕೆಂಪು ಪೆನ್ನು ಹುಡುಕಿ
ಎರಡೂ 'ಲಾಗಿದೆ'ಗಳಿಗೆ ಸುತ್ತು ಹಾಕಿ
ಅಂಚಿನಲ್ಲಿ ಟೀಚರ ಗುಂಡು ಅಕ್ಷರದಲ್ಲಿ ಬರೆದೆ:
ಕರ್ತೃ ಬಿಟ್ಟುಹೋಗಿದೆ. ತುಂಬಿ ಕಳಿಸಿ.

ಆಮೇಲೆ ಅದೂ ತಪ್ಪೆನಿಸಿತು.
ಕರ್ತೃ ತಾನಾಗಿ ಬಿಟ್ಟುಹೋಗುವುದಿಲ್ಲ, ಬಿಡುತ್ತಾರೆ.
ಹೊಡೆದುಹಾಕಿ ಬರೆದೆ:
ನೀವು ಕರ್ತೃವನ್ನು ಬಿಟ್ಟಿದ್ದೀರಿ.
ಕೆಳಗೆ, ಕೈ ಸ್ವಲ್ಪ ನಡುಗಿದ್ದರಿಂದ ಸೊಟ್ಟಗೆ:
ಇದನ್ನು ಬರೆದವಳು ನಾನು,
ಹಸಿಂತಾ ಕೋಲ್ಕೆ ರೋಹಾಸ್.