ನೋಟು ನೋಡುವ ದೀಪ

ಪೀಣ್ಯ ಎರಡನೇ ಹಂತ, ಲೇತ್ ಅಂಗಡಿಯ ಮೇಲಿನ ಮಹಡಿ.
ಕೆಳಗೆ ಕಬ್ಬಿಣ ಚೀರುತ್ತದೆ. ಮೇಲೆ ನಾನು
ಉಸಿರು ಬಿಗಿಹಿಡಿದು ಹಳದಿ ಪುಡಿ ತೂಗುತ್ತೇನೆ.
ಒಂದು ಮಿಲಿಗ್ರಾಂ ಚೆಲ್ಲಿದರೆ
ನನ್ನ ಎರಡು ದಿನದ ಸಂಬಳ.

ಲೈಟ್ ಆರಿಸು, ಪರದೆ ಎಳಿ, ಎಂದು
ದಿನಕ್ಕೆ ಹತ್ತು ಸಲ ಕೂಗುತ್ತಾಳೆ ನಿಖತ್.
ಬೆಳಗುವುದಕ್ಕೆಂದೇ ಹುಟ್ಟಿದ್ದಕ್ಕೆ ಬೆಳಕೇ ಆಗದು.
ಸೀಸೆ ಕಂದು, ಅದರ ಮೇಲೆ ಬೆಳ್ಳಿ ಹಾಳೆ,
ಮನೆಯಲ್ಲಿ ಚಪಾತಿ ಸುತ್ತುತ್ತೇವಲ್ಲ, ಅದೇ.

ಇಪ್ಪತ್ತೆರಡು ಅಕ್ಷರದ ಡಿಎನ್‌ಎ ಎಳೆ.
ನಾಲ್ಕೇ ಅಕ್ಷರದ ಆ ಭಾಷೆಯಲ್ಲಿ ಏನು ಬರೆದಿದೆಯೋ
ಆರ್ಡರ್ ಕೊಟ್ಟವರಿಗೆ ಗೊತ್ತು.
ನನ್ನ ಕೆಲಸ ಅದರ ಬಾಲಕ್ಕೆ ಬಣ್ಣ ಕಟ್ಟುವುದು.
ಸ್ವಲ್ಪ ಸೋಡಾ ನೀರು, ಕತ್ತಲಲ್ಲಿ ಎರಡು ಗಂಟೆ
ತೊಟ್ಟಿಲ ಹಾಗೆ ತೂಗುವ ಯಂತ್ರ.
ಆಮೇಲೆ ಕಾಲಂ: ಕಟ್ಟಿಕೊಂಡದ್ದು ಮೊದಲು ಇಳಿಯುತ್ತದೆ,
ಕಟ್ಟಿಕೊಳ್ಳದ್ದು ಹಿಂದೆ, ಬಸ್ಸು ತಪ್ಪಿದವರಂತೆ
ಕಾಲೆಳೆದುಕೊಂಡು.

ಕಬ್ಬನ್‌ಪೇಟೆಯ ವಠಾರದಲ್ಲಿ ನಮ್ಮ ಎದುರು ಮನೆ ಅಂಬಾಸಾ
ರೇಷ್ಮೆಗೆ ಬಣ್ಣ ಹಾಕುತ್ತಿದ್ದರು.
ತಾಮ್ರದ ಹಂಡೆ, ಸೌದೆ ಹೊಗೆ,
ಕೋಲಿಗೆ ಸಿಕ್ಕಿಸಿದ ನೂಲಿನ ಲಡಿ
ಮುಳುಗಿಸಿ, ಎತ್ತಿ, ತಿರುವಿ, ಮತ್ತೆ ಮುಳುಗಿಸಿ:
‘ಮೇಲೆ ಕೂತರೆ ಸಾಲದು ಪಾಪು,
ನೂಲು ಬಣ್ಣಾನ ಒಪ್ಕೋಬೇಕು.’
ನಮ್ಮ ಮೋರಿಯಲ್ಲಿ ಒಂದು ದಿನ ಮಾವಿನೆಲೆ ಹಸಿರು
ಒಂದು ದಿನ ಕುಂಕುಮ.
ಮೋರಿ ನೋಡಿಯೇ ಸೀರೆ ಎಂಥದೆಂದು
ಪಂದ್ಯ ಕಟ್ಟುತ್ತಿದ್ದೆವು, ಶಾಲೆಗೆ ತಡ ಮಾಡಿಕೊಂಡು.

ಗುಲಾಬಿಯ ಆರ್ಡರ್ ಬಂದ ದಿನ ನಿಖತ್ ನಗುತ್ತಾಳೆ:
‘ಬಂತು ನೋಡು ಬಾಂಬೆ ಮಿಠಾಯಿ.’
ಇದೂ ರೋಡಮಿನ್ ವಂಶವೇ.
ಸರ್ಕಾರ ಗಾಡಿಗಳಿಂದ ಓಡಿಸಿದ ಆ ಬಣ್ಣದ
ದೊಡ್ಡಪ್ಪನ ಮಗ, ಓದಿಕೊಂಡು, ಕೋಟು ಹಾಕಿಕೊಂಡು
ಫ್ರೀಜರಿನಲ್ಲಿ ಕೂತಿದ್ದಾನೆ.

ಇನ್ನೊಂದುಂಟು, ನನಗೆ ಇಷ್ಟವಾದದ್ದು.
ಎಳೆಯ ಒಂದು ತುದಿಗೆ ಬಣ್ಣ,
ಮತ್ತೊಂದಕ್ಕೆ ಅದನ್ನು ಸುಮ್ಮನಿರಿಸುವ ಕಪ್ಪು.
ಎಳೆ ಮಡಚಿ ಕೂತಿರುವಷ್ಟೂ ಹೊತ್ತು
ಇದು ಹೇಳಹೊರಟದ್ದನ್ನೆಲ್ಲ ಅದು ನುಂಗುತ್ತದೆ.
ತನ್ನ ಜೋಡಿ ಸಿಕ್ಕಿ ಎಳೆ ನೆಟ್ಟಗಾದರೆ
ದೂರ ಬೀಳುತ್ತವೆ ಎರಡೂ.
ಆಗ, ಹಸಿರು.
ಇದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ.
ಭಾವ ಪಕ್ಕದಲ್ಲೇ ಇದ್ದರು.
ಹ್ಞೂಂ, ಅಂದಳು. ಹ್ಞೂಂ.

ಸೋಮವಾರ ಗ್ಲೌಸು ಹರಿದದ್ದು ಗೊತ್ತಾಗಲಿಲ್ಲ.
ಆಮೇಲೆ ಸೋಪು ಹಾಕಿ ತೊಳೆದೆ, ಮರೆತೆ.
ರಾತ್ರಿ ಎಂಟಕ್ಕೆ ಜಾಲಹಳ್ಳಿ ಕ್ರಾಸಿನ ಮೆಡಿಕಲ್ ಶಾಪು,
ಅಮ್ಮನ ಬಿಪಿ ಮಾತ್ರೆ, ಐನೂರರ ನೋಟು.
ಕಳ್ಳ ನೋಟು ಹಿಡಿಯುವ ನೇರಳೆ ದೀಪ
ಹಚ್ಚಿದ ಹುಡುಗ. ನೋಟಿನ ಜೊತೆ ನನ್ನ ಕೈಯೂ
ಅದರ ಕೆಳಗೆ ಹೋಯಿತು.

ನೋಟು ಸರಿಯಾಗಿತ್ತು.
ಹೆಬ್ಬೆರಳು ಉರಿಯುತ್ತಿತ್ತು. ಉಗುರಿನ ಸುತ್ತ
ಎಳೆ ಹಸಿರು, ಗೆರೆಗೆರೆಯೂ ಓದುವಷ್ಟು ಸ್ಪಷ್ಟ.
ಚರ್ಮವೂ ಪ್ರೋಟೀನೇ ತಾನೆ,
ಒಪ್ಪಿಕೊಂಡುಬಿಟ್ಟಿತ್ತು.
ಹುಡುಗ ನೋಟು ಬಿಟ್ಟು ಬೆರಳನ್ನೇ ನೋಡಿದ:
‘ಮೇಡಂ, ಇದು ಒರಿಜಿನಲ್ಲಾ?’

ಚಿಲ್ಲರೆ ಎಣಿಸದೆ ಬಂದೆ.

ಅಂಬಾಸಾ ಊಟಕ್ಕೆ ಕೂತರೆ ಬಿಳಿ ಅನ್ನದ ಮೇಲೆ
ಮೊಣಕೈವರೆಗೆ ನೀಲಿಯಾದ ಆ ಕೈ.
ಕೈ ತೊಳೆದೇ ಇಲ್ಲವಾ ಅಂಕಲ್, ಎಂದದ್ದಕ್ಕೆ
ಅಮ್ಮ ನನ್ನ ತೊಡೆ ಚಿವುಟಿದ್ದಳು.
ಅವರು ಮಾತ್ರ ಕೈ ಎತ್ತಿ, ತಿರುಗಿಸಿ,
ಯಾರದೋ ಕೈ ಎಂಬಂತೆ ನೋಡಿಕೊಂಡು
ಇನ್ನೊಂದು ತುತ್ತು ಕಲಸಿದರು.

ಬಸ್ಸಿನ ಕಂಬಿ ಹಿಡಿದ ಬೆರಳು ಬರೀ ಬೆರಳು.
ಮನೆಗೆ ಬಂದು ಮಾತ್ರೆ ಬಿಡಿಸುವ ಮೊದಲು
ಹುಣಸೆಹಣ್ಣು ಹಾಕಿ ತಿಕ್ಕಿದೆ, ಕಲ್ಲುಪ್ಪು ಹಾಕಿ ತಿಕ್ಕಿದೆ.
ಹೋಯಿತೋ ಇಲ್ಲವೋ ನೋಡಲು
ಮನೆಯಲ್ಲಿ ಆ ದೀಪ ಇಲ್ಲ.