ಕೊಸರು

ನೆಬ್ರಾಸ್ಕಾದ ಪಡುವಣಕ್ಕೆ, ಮೆಕ್ಕೆಜೋಳದ ಕೂಳೆ ನಿಂತ ಬಯಲಲ್ಲಿ
ವರ್ಲಿನ್ ಹಾಸ್ಕಂಪನ ಕೆಲಸ ಇಷ್ಟೆ:
ತಕ್ಕಡಿ ಸುಳ್ಳು ಹೇಳುತ್ತಿದೆಯೇ ನೋಡುವುದು.

ಪಿಕಪ್ಪಿನ ಹಿಂದೆ ಸರ್ಕಾರದ ಮುದ್ರೆಯ ಕಬ್ಬಿಣದ ಬಟ್ಟುಗಳು,
ಒಂದೊಂದೂ ಇಪ್ಪತ್ತೈದು ಪೌಂಡು,
ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.
ದನದ ಹರಾಜುಕಟ್ಟೆ, ಕಾಳಿನ ಗೋದಾಮು, ಹಂದಿ ಕೊಳ್ಳುವ ಅಂಗಳ,
ಎಲ್ಲೆಲ್ಲೂ ಇಳಿಸಿ, ಏರಿಸಿ, ಮತ್ತೆ ಇಳಿಸಿ,
ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು.
ವರ್ಷಕ್ಕೆ ನೂರಿಪ್ಪತ್ತು ರಾತ್ರಿ ಬೇರೆಯವರ ಹಾಸಿಗೆ.

ಪಾಕೀಟಿನಲ್ಲಿ ಎರಡು ಕಾರ್ಡು.
ಎರಡೂ ಆಡುವುದು ಕೊಸರಿನ ಮಾತೇ.

ಹಳದಿ ಬೋರ್ಡಿನ ಮೋಟೆಲು: ಐವತ್ತೆಂಟು ಡಾಲರು.
ಬೆಳಿಗ್ಗೆ ಪೊಟ್ಟಣದ ಕಾಫಿ, ನಿನ್ನೆಯ ಡೋನಟ್ಟು.
ಹತ್ತು ರಾತ್ರಿ ಮಲಗಿದರೆ ಹನ್ನೊಂದನೆಯದು ಬಿಟ್ಟಿ.
ಕೌಂಟರಿನ ಇಮೊಜೀನ್ ಕಾರ್ಡಿಗೆ ತೂತು ಹೊಡೆಯುತ್ತಾಳೆ
ತಲೆ ಎತ್ತದೆ, ಮೊಳೆ ಹೊಡೆದ ಹಾಗೆ.

ನೀಲಿ ಬೋರ್ಡಿನ ಹೋಟೆಲು: ನೂರಿಪ್ಪತ್ತನಾಲ್ಕು.
ಲಿಫ್ಟು. ಒಬ್ಬನಿಗೆ ಆರು ದಿಂಬು.
ಹಿಟ್ಟು ಹುಯ್ದು ತಾನೇ ತಿರುವಬೇಕಾದ ವಾಫಲಿನ ಯಂತ್ರ.
ಹುಡುಗ ಹೆಸರು ಹಿಡಿದು ಸ್ವಾಗತಿಸುತ್ತಾನೆ, ಪರದೆಯಲ್ಲಿ ಓದಿ.
ಡಾಲರಿಗೆ ಹತ್ತು ಪಾಯಿಂಟು. ಬೆಳ್ಳಿ, ಚಿನ್ನ, ಪ್ಲಾಟಿನಂ,
ಹಣೆ ನೋಡಿ ಮಣೆ ಹಾಕುವ ಮೂರು ಮೆಟ್ಟಿಲು.
ವರ್ಲಿನ್ ಬೆಳ್ಳಿ. ಬೆಳ್ಳಿಗೆ ಸಿಗುವುದು
ಒಂದು ಬಾಟಲಿ ನೀರು, ಮತ್ತು ಚಿನ್ನವಾಗುವ ಆಸೆ.

ಒಂದು ರಾತ್ರಿ ಕೆಂಪು ಚೀಟಿಯ ಬೆನ್ನ ಮೇಲೆ
ಪೆನ್ಸಿಲು ಹಿಡಿದು ಲೆಕ್ಕಕ್ಕೆ ಕೂತ.
ನೀಲಿಯಲ್ಲಿ ಮೂವತ್ತು ಸಾವಿರಕ್ಕೆ ಒಂದು ರಾತ್ರಿ,
ಅಂದರೆ ಇಪ್ಪತ್ತೈದು ಸಲ ಮಲಗಬೇಕು,
ನೂರು ಕೊಟ್ಟರೆ ನಾಲ್ಕು ವಾಪಸ್ಸು.
ಹಳದಿಯಲ್ಲಿ ನೂರಕ್ಕೆ ಹತ್ತು.
ಆದರೆ ಯಾವ ಹತ್ತು?
ಹೀಟರು ರಾತ್ರಿಯಿಡೀ ಕೆಮ್ಮುವ,
ಗೋಡೆಯಾಚೆಯ ಟೀವಿ ಈಚೆಗೂ ಕೇಳುವ ಕೋಣೆ,
ಬಿಟ್ಟಿ ಸಿಕ್ಕರೆ ಅದರ ತೂಕವೆಷ್ಟು?
ಕಾಸಿಗೆ ತಕ್ಕ ಕಜ್ಜಾಯ, ಸರಿ,
ಕಾಸಿಲ್ಲದ ಕಜ್ಜಾಯದೆದುರು ಯಾವ ಬಟ್ಟು ಇಡುವುದು?
ಪೆನ್ಸಿಲು ಅಲ್ಲೇ ನಿಂತಿತು.

ನೀಲಿಯಲ್ಲಿ ಇನ್ನೆರಡು ರಾತ್ರಿ ಬಾಕಿಯಿದ್ದಾಗ ಪತ್ರ ಬಂತು:
ತಮ್ಮ ವಾಸ್ತವ್ಯವನ್ನು ಇನ್ನಷ್ಟು ಹಿತಗೊಳಿಸುವ ಸಲುವಾಗಿ
ಇಂದಿನಿಂದ ನಲವತ್ತೈದು ಸಾವಿರ.
ವರ್ಲಿನ್ ಎರಡು ಸಲ ಓದಿದ.
ಯಾವನೋ ಕಾಳಿನ ವ್ಯಾಪಾರಿ
ರಾತ್ರೋರಾತ್ರಿ ಪೌಂಡನ್ನೇ ಬದಲಿಸಿದ್ದರೆ
ಬೆಳಗಾಗುವುದರೊಳಗೆ ಬೀಗ ಜಡಿಸುತ್ತಿದ್ದ.
ಇಲ್ಲಿ ಕೆಂಪು ಚೀಟಿ ಅಂಟಿಸೋಣವೆಂದರೆ
ತಕ್ಕಡಿ ಎಲ್ಲಿದೆಯೆಂದೇ ತಿಳಿಯಲಿಲ್ಲ.

ಜನವರಿಯಲ್ಲಿ, ಓಗಲಾಲಾ ದಾಟುವ ಮೊದಲೇ
ಹಿಮ ಬಿದ್ದು ಹೆದ್ದಾರಿ ಮುಚ್ಚಿತು.
ನೀಲಿಯ ಹುಡುಗ: ಕೋಣೆ ಇದೆ ಮಿಸ್ಟರ್ ಹಾಸ್ಕಂಪ್,
ಪಾಯಿಂಟಿಗೆ ಇಲ್ಲ. ಇವತ್ತಿನ ದರ ಇನ್ನೂರ ಹತ್ತು.
ಎಂದಿನಂತೆ ನೀರಿನ ಬಾಟಲಿ ಮುಂದಿಟ್ಟ.

ಹಳದಿಯಲ್ಲಿ ಇಮೊಜೀನ್ ಕಾರ್ಡನ್ನು ದೀಪಕ್ಕೆ ಹಿಡಿದಳು.
ಒಂಬತ್ತು ತೂತು. ಮೊದಲ ಬಾರಿಗೆ, ಆ ತೂತುಗಳೊಳಗಿಂದ,
ಅವನ ಮುಖ ನೋಡಿದಳು.
"ಇದು ಹತ್ತನೆಯದು. ದುಡ್ಡು ಕೊಡಬೇಕು."
ಕೊಟ್ಟ.
ಕೀಲಿಯ ಜೊತೆಗೆ ಕೌಂಟರಿನಡಿಯಿಂದ
ಕೇಳದೆಯೇ ಇನ್ನೊಂದು ಕಂಬಳಿ ಎಳೆದು ತಳ್ಳಿದಳು,
ನಾಯಿಕೂದಲು ಅಂಟಿದ್ದು, ಬಹುಶಃ ಅವಳದೇ.

ನೂರಾ ಹದಿನಾಲ್ಕನೆಯ ಕೋಣೆ. ಚಿಲಕ ಕೂರುವುದಿಲ್ಲ.
ಗಾಳಿ ಬಾಗಿಲನ್ನು ನೂಕುತ್ತಲೇ ಇತ್ತು,
ಕುಡಿದು ಬಂದ ನೆಂಟನ ಹಾಗೆ.
ಪಿಕಪ್ಪಿಗೆ ಹೋಗಿ ಒಂದು ಬಟ್ಟು ಹೊತ್ತು ತಂದು
ಒಳಗಿನಿಂದ ಒತ್ತಿಟ್ಟ, ಮುದ್ರೆ ಮೇಲಾಗಿ.
ಸಾಲಲಿಲ್ಲ.
ಇನ್ನೊಂದು ತಂದ.

ಬೆಳಿಗ್ಗೆ ಹತ್ತನೆಯ ತೂತು ಬಿತ್ತು.
"ಹನ್ನೊಂದನೆಯದು ಯಾವಾಗ ಬೇಕು?"
ಕಿಟಕಿಯಾಚೆ ಹೆದ್ದಾರಿಯಿದ್ದ ಜಾಗ ಬೆಳ್ಳಗಿತ್ತು.
ಬಟ್ಟುಗಳನ್ನು ಅವನಿನ್ನೂ ಬಾಗಿಲಿನಿಂದ ತೆಗೆದಿರಲಿಲ್ಲ.