ಕಪ್ಪು ಶಾಯಿ ಮುಗಿದಿತ್ತು

ಪಾದ್ರಿ ಡ್ರೀವರ್ ಸೊಂಟ ಮುರಿದುಕೊಂಡು
ಅಬರ್ಡೀನಿನ ಆಸ್ಪತ್ರೆಯಲ್ಲಿ. ಫೋನಿನಲ್ಲೇ
ಗುಪ್ತಪದ ಹೇಳಿದರು: ಸತ್ತ ನಾಯಿಯ ಹೆಸರು,
ಅದರ ಬಾಲಕ್ಕೆ ಅದು ಹುಟ್ಟಿದ ಇಸವಿ.
'ಎಲ್ಲ ಅದರೊಳಗೇ ಇದೆ, ಥಾರ್ಫಿನ್. ಹುಡುಕು, ಸಿಗುತ್ತೆ.'

ಸ್ವೇನ್ ಹೆಡಲ್ ಸಿಕ್ಕಿರಲಿಲ್ಲ.
ಒಂಬತ್ತು ದಿನ. ದೋಣಿ ಸಿಕ್ಕಿತ್ತು, ಏಡಿಬುಟ್ಟಿಗಳು ಸಿಕ್ಕಿದ್ದವು,
ಒಂದರಲ್ಲಿ ಏಡಿಯೂ ಇತ್ತು, ಜೀವಂತ.
ಭಾನುವಾರ ಸ್ಟ್ರಾಮ್‌ನೆಸ್ಸಿನ ಚರ್ಚಿನಲ್ಲಿ
ಅವನ ಬಗ್ಗೆ ನಾಲ್ಕು ಮಾತಾಡಬೇಕಾದವನು ನಾನು,
ಮೂವತ್ತೊಂದು ವರ್ಷ ಫೆರ್ರಿಯ ಎಂಜಿನ್ ಕೋಣೆಯಲ್ಲಿ
ಕೂಗಿ ಕೂಗಿಯೇ ಮಾತು ಕಲಿತವನು.

ಪರದೆಯ ಮೇಲೆ ಕಪಾಟಿನ ಚಿತ್ರ, ಚರ್ಮದ ರಟ್ಟಿನ ಚಿತ್ರ.
ಸಾವಿರದ ಮೇಲೆ ಪುಸ್ತಕ, ಒಂದಕ್ಕೂ ಧೂಳಿಲ್ಲ.
ಕಡಲು ಎಂದು ಒತ್ತಿದೆ.
ನಮ್ಮ ನುಡಿಯಲ್ಲಿ ಅದು ಮೂರೇ ಅಕ್ಷರ, ಎಲ್ಲೆಂದರಲ್ಲಿ ನುಗ್ಗುತ್ತದೆ:
ಋತುವಿನೊಳಗೆ, ಆಸನದೊಳಗೆ, ಅರಗಿನ ಮುದ್ರೆಯೊಳಗೆ,
ಹುಡುಕು ಅನ್ನುವ ಮಾತಿನ ಹೊಟ್ಟೆಯೊಳಗೂ.
ತಳ ಒಡೆದ ದೋಣಿಗೆ ನೀರು ಬಂದ ಹಾಗೆ ಬಂತು.
ಒಂದು ಚೌಕಕ್ಕೆ ಸರಿಗುರುತು ಹಾಕಬೇಕಂತೆ, ಇಡೀ ಪದ ಮಾತ್ರ ಎಂದು.
ಹಾಕಿದೆ. ಆಮೇಲೂ ಉಳಿದದ್ದು ಆರುನೂರ ಹದಿನೆಂಟು.

ರಫ್ತು ಮಾಡು, ಅಂದಿತು ಗುಂಡಿ.
ರಫ್ತು ಅಂದರೆ ನಾನು ಬಲ್ಲದ್ದು
ದನ, ವಿಸ್ಕಿಯ ಪೀಪಾಯಿ, ಮಂಜುಗಡ್ಡೆಯಲ್ಲಿಟ್ಟ ಏಡಿ.
ಇದು ಬೇರೆ ಏನೇನೋ ಕೇಳುತ್ತದೆ:
ಪದದ ಹಿಂದೆ ಎಷ್ಟು ಪದ ಬೇಕು, ಮುಂದೆ ಎಷ್ಟು?
ಪುಟದ ಸಂಖ್ಯೆ ಸಾಕೋ, ಸಾಲೂ ಬೇಕೋ?
ಸಿಕ್ಕಿದ್ದಕ್ಕೆ ಬಣ್ಣ ಬಳಿಯಲೋ?
ಹಿಂದೆ ಏಳು, ಮುಂದೆ ಏಳು ಅಂದೆ.
ಬಣ್ಣ ನೀಲಿ.
ಹಕ್ಕುಸ್ವಾಮ್ಯದ ಕಾರಣ ಮೊದಲ ಐನೂರು ಮಾತ್ರ ಕೊಡಲಾಗುವುದು
ಅಂತ ಒಂದು ಪುಟ್ಟ ಕಿಟಕಿ ತೆರೆದು ಮುಚ್ಚಿತು.
ಕಡಲಿಗೂ ಹಕ್ಕುದಾರರು!
ನೂರ ಹದಿನೆಂಟು ಅಲ್ಲೇ ಉಳಿಯಿತು.

ಚರ್ಚಿನ ಹಳೇ ಪ್ರಿಂಟರು ಕೆಮ್ಮುತ್ತ ಕೆಮ್ಮುತ್ತ
ರಾತ್ರಿ ಹನ್ನೊಂದರ ತನಕ ಹಾಳೆ ಉಗುಳಿತು.
ನಾನು ಆಚೆ ಕೋಣೆಯಲ್ಲಿ ಚಹಾ ಕಾಸುತ್ತಿದ್ದೆ,
ಗಾಳಿ ಬಾಗಿಲಿಗೆ ಭುಜ ಕೊಟ್ಟು ನೂಕುತ್ತಿತ್ತು.
ಬಂದು ನೋಡಿದರೆ
ಕಪ್ಪು ಶಾಯಿ ಮುಗಿದು ಎಷ್ಟು ಹೊತ್ತಾಗಿತ್ತೋ.
ದೇವರಿಲ್ಲ, ದೋಣಿಯಿಲ್ಲ,
ದಾಟಿದವರಿಲ್ಲ, ಮುಳುಗಿದವರಿಲ್ಲ,
ವಾಕ್ಯವೇ ಇಲ್ಲ.
ಬಿಳಿ ಹಾಳೆ. ಅಲ್ಲಲ್ಲಿ, ತನ್ನ ತನ್ನ ಜಾಗದಲ್ಲಿ ನಿಂತು,
ನೀಲಿಯಲ್ಲಿ
        ಕಡಲು
                        ಕಡಲು
   ಕಡಲು

ಭಾನುವಾರ ಅದನ್ನೇ ಒಯ್ದೆ. ಬೇರೇನಿತ್ತು?
ಪೀಠ ಹತ್ತಿ ಗಂಟಲು ಸರಿಮಾಡಿಕೊಂಡು
ಏನು ಹೇಳಿದೆನೋ, ನಿಜಕ್ಕೂ ನೆನಪಿಲ್ಲ.
ಬಹಳ ಜೋರಾಗಿ ಹೇಳಿದೆ ಅಂತ ಆಮೇಲೆ ಜನ ಅಂದರು.

ಸ್ವೇನನ ಅಕ್ಕ ಮೆರ್ರನ್ ಬಾಗಿಲಲ್ಲಿ ತಡೆದು
'ಆ ಹಾಳೆ ಕೊಡು' ಅಂದಳು.
ಕೈಗವಸು ಕಳಚಿ ಒಂದೊಂದಾಗಿ ತಿರುವಿದಳು.
'ಉಳಿದದ್ದೆಲ್ಲ?'
'ಶಾಯಿ ಮುಗಿದಿತ್ತು, ಮೆರ್ರನ್.'
ಅವಳು ನಗುತ್ತಾಳೇನೋ ಅಂದುಕೊಂಡೆ.
ಕೆಳಗಿನ ಅಂಚಿನಲ್ಲಿ ಒಂದೇ ಒಂದು ನೀಲಿ ಇದ್ದ ಹಾಳೆ ಆರಿಸಿ,
ನಾಲ್ಕು ಮಡಿಕೆ ಮಡಿಸಿ, ಕೋಟಿನ ಒಳಜೇಬಿಗೆ ಹಾಕಿಕೊಂಡಳು.
'ಇದು ಸಾಕು. ಇದರಲ್ಲಿ ಜಾಗ ಇದೆ.'

ಮಂಗಳವಾರದ ಫೆರ್ರಿಯಲ್ಲಿ ಶಾಯಿ ಬಂತು, ಇಪ್ಪತ್ತಾರು ಪೌಂಡು.
ಚರ್ಚಿನ ಲೆಕ್ಕದಲ್ಲಿ ಬರೆದೆ.
ಸಂಜೆ ಡ್ರೀವರರ ಫೋನು. ಹೊಸ ಸೊಂಟದ ಸುದ್ದಿ,
ಆಸ್ಪತ್ರೆಯ ಸಪ್ಪೆ ಸೂಪಿನ ಸುದ್ದಿ, ಆಮೇಲೆ:
'ಹುಡುಕಿದ್ದು ಸಿಕ್ಕಿತೇ?'
ಐನೂರು ಸಿಕ್ಕಿತು ಅಂದೆ.
ಉಳಿದ ನೂರ ಹದಿನೆಂಟರ ಮಾತು
ನಾನೂ ಎತ್ತಲಿಲ್ಲ, ಅವರೂ ಕೇಳಲಿಲ್ಲ.